ಹಸಿರು ಅಂಚಿನ ಪಂಚೆಯ ತುಂಡು

ಅವರ ತಿಥಿಯ ದಿನ, ಊಟದ ಪಂಕ್ತಿಯಲ್ಲಿ ಕುಳಿತಿದ್ದ ಒಬ್ಬರು ಅವರನ್ನು ಕ್ಷಮಿಸಿದರು.

ನಂಜನಗೂಡಿನ ಹೊರವಲಯದಲ್ಲಿ, ಅವರ ಮನೆಯ ಮುಂದೆ ಹಾಕಿದ್ದ ಶಾಮಿಯಾನದಲ್ಲಿ ನಾನು ಎದುರು ಸಾಲಿನಲ್ಲಿದ್ದೆ. ಕ್ಷಮಿಸಿದವರು ತಾಂಡವಪುರದ ಕಡೆಯ ಕಾರ್ಖಾನೆಗಳಿಗೆ ಕಾರು, ವ್ಯಾನು ಒದಗಿಸುವ ಗುತ್ತಿಗೆದಾರರು. ಮದುವೆ, ತಿಥಿ, ಗೃಹಪ್ರವೇಶ ಯಾವುದನ್ನೂ ತಪ್ಪಿಸುವವರಲ್ಲ. ಅನ್ನಕ್ಕೆ ಸಾರು ಕಲಸುತ್ತ ಪಕ್ಕದವರಿಗೆ ಹೇಳಿದರು:

"ಕೆಲ್ಸಗಾರ ಒಳ್ಳೇವ್ನೇ ಕಣ್ರೀ. ನನ್ ಗಾಡಿಗೆ ಮಾತ್ರ ಅಂಗ್ ಮಾಡ್ಬುಟ್ಟ. ಓಗ್ಲಿ ಬುಡಿ, ಸತ್ತೋರ ಮ್ಯಾಲೆ ಯಾಕ್ ದ್ವೇಷ? ನಾನ್ ಅದ್ನ ಯಾವತ್ತೋ ಮನಸ್ನಿಂದ ತೆಗ್ದಾಕ್ಬುಟ್ಟೆ."

"ನಿಮ್ದು ದೊಡ್ ಮನ್ಸು ಬುಡಿ ಸಾ" ಎಂದರು ಪಕ್ಕದವರು.

ನಾನು ಎತ್ತಿದ ತುತ್ತನ್ನು ಎಲೆಗೇ ಬಿಟ್ಟೆ. ತೀರಿಕೊಂಡವರು ಮಾಡಿದರೆನ್ನಲಾದ ಆ ಕೆಲಸವನ್ನು ಅವರು ಮಾಡಿರಲೇ ಇಲ್ಲ. ಅದು ಆ ಗುತ್ತಿಗೆದಾರರಿಗೂ ಗೊತ್ತು, ನನಗೂ ಗೊತ್ತು. ತಪ್ಪು ಮಾಡದವನನ್ನು ಬೈದರೆ ಸಹಿಸಬಹುದು. ಸತ್ತ ಹನ್ನೊಂದನೇ ದಿನ, ಅವನ ಮನೆಯ ಎಲೆಯ ಮುಂದೆಯೇ ಕೂತು, ಅವನ ಹೆಂಡತಿಯ ಕಿವಿಗೆ ಬೀಳುವಂತೆ ಅವನನ್ನು ಕ್ಷಮಿಸುವುದನ್ನು ಹೇಗೆ ಸಹಿಸುವುದು?

ನಾನು ತಿ. ನರಸೀಪುರದ ಕಾರ್ ಸ್ಟ್ಯಾಂಡಿನಲ್ಲಿ ಬಾಡಿಗೆ ಕಾರು ಓಡಿಸುವವನು. ಎಸ್ಸೆಸ್ಸೆಲ್ಸಿ ಓದಿದ್ದೇನೆ. ಟ್ರಿಪ್ ಶೀಟ್ ಬಿಟ್ಟರೆ ಬರೆದು ಅಭ್ಯಾಸವಿಲ್ಲ. ಮಾತೂ ಕಡಿಮೆ. ಆದರೂ ಅವರು ಎಂಥವರಾಗಿದ್ದರು ಎಂಬುದನ್ನು ಬರೆದಿಡಬೇಕು ಅನ್ನಿಸಿದೆ. ಹೆಸರು ಬರೆಯುವುದಿಲ್ಲ. ಅವರ ಹೆಸರು ಬೇಡದ ಬಾಯಿಗಳಲ್ಲಿ ಸಾಕಷ್ಟು ಓಡಾಡಿದೆ.

ಅವರು ಕಾರಿನ ಏಸಿ ರಿಪೇರಿ ಮಾಡುತ್ತಿದ್ದರು. ನಂಜನಗೂಡಿನಿಂದ ನರಸೀಪುರಕ್ಕೆ ಬರುವ ರಸ್ತೆಯ ಬದಿಯಲ್ಲಿ ಒಂದು ತಗಡಿನ ಶೆಡ್ಡು. ಬೋರ್ಡು ಇರಲಿಲ್ಲ. ಡ್ರೈವರುಗಳ ಬಾಯಲ್ಲಿ ಅದು 'ಕಡಗೋಲು ಶೆಡ್ಡು'. ಯಾಕೆಂದರೆ ಅವರ ಮುಖ್ಯ ಉಪಕರಣ ಮಜ್ಜಿಗೆ ಕಡೆಯುವ ಕಡಗೋಲಿನ ಕೋಲು. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಕಡೆಯುವವರಿಲ್ಲವೆಂದು ಅದರ ತಲೆ ಕುಯ್ದು, ಕೋಲನ್ನು ಶೆಡ್ಡಿಗೆ ತಂದಿದ್ದರು. ಇಂಜಿನ್ ಓಡುತ್ತಿರುವಾಗ ಅದರ ಒಂದು ತುದಿಯನ್ನು ಏಸಿಯ ಗ್ಯಾಸು ತಳ್ಳುವ ಕಂಪ್ರೆಸರಿನ ಮೈಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿಕೊಂಡು ಕಣ್ಣು ಮುಚ್ಚುತ್ತಿದ್ದರು. ಅಂಗಿಯ ತೋಳನ್ನು ಮೊಣಕೈಯ ಮೇಲಕ್ಕೆ ಮಡಚಿ, ಕನ್ನಡಕದ ದಾರವನ್ನು ಅಂಗಿಯೊಳಕ್ಕೆ ಸೇರಿಸಿಕೊಂಡೇ ಬಗ್ಗುತ್ತಿದ್ದರು. ತಿರುಗುವ ಬೆಲ್ಟಿಗೆ ಯಾರ ಮುಲಾಜೂ ಇಲ್ಲ ಎನ್ನುತ್ತಿದ್ದರು.

ನಾನು ಮೊದಲ ಸಲ ಹೋದದ್ದು ನನ್ನ ಕಾರು ಕರ್ರೋ ಎಂದು ಅಳುತ್ತಿದ್ದಾಗ. ಮೈಸೂರಿನ ಒಂದು ಕಡೆ ಬಾನೆಟ್ಟು ಎತ್ತಿ ನೋಡಿದವರು ಒಂದೇ ಮಾತಿನಲ್ಲಿ ಕಂಪ್ರೆಸರ್ ಹೋಗಿದೆ, ಹೊಸದು ಹಾಕಬೇಕು ಎಂದಿದ್ದರು. ನಮ್ಮ ಸ್ಟ್ಯಾಂಡಿನ ಹಿರಿಯ ಡ್ರೈವರೊಬ್ಬರು, ನಾವೆಲ್ಲ ದೊಡ್ಡಣ್ಣ ಎಂದು ಕರೆಯುವವರು, "ದುಡುಕ್ಬ್ಯಾಡ ಕಣ್ಲಾ, ಕಡಗೋಲಿಗೊಂದು ಮಾತು ಕೇಳು" ಎಂದು ಕಳಿಸಿದರು.

ಶೆಡ್ಡಿನ ಮುಂದೆ ಕಾರು ನಿಲ್ಲಿಸಿದೆ. ಅವರು ಬಾನೆಟ್ಟಿನ ಪಕ್ಕಕ್ಕೆ ಅಂಗೈಯಿಟ್ಟು ಒಂದು ಕ್ಷಣ ಸುಮ್ಮನೆ ನಿಂತರು, ಹೊಸ ಹಸುವಿನ ಬೆನ್ನು ಸವರುವಂತೆ.

"ಏಸಿ ಆನ್ ಮಾಡಪ್ಪ."

ಮಾಡಿದೆ.

"ಈಗ ಆಫ್ ಮಾಡು. ಸದ್ದು ಓಯ್ತಾ?"

"ಇಲ್ಲ."

"ಕಂಪ್ರೆಸರ್ ಒಟ್ಟೆ ಒಳಗೆ ನೋವಿದ್ದಿದ್ರೆ ಏಸಿ ಆಕ್ದಾಗ ಮಾತ್ರ ಅಳೋದು. ಇದು ಆಕಿದ್ರೂ ಅಳ್ತದೆ, ತೆಗುದ್ರೂ ಅಳ್ತದೆ. ಇದು ವರಗಿನೋರು ಯಾರೋ."

ಇಂಜಿನ್ ನಿಲ್ಲಿಸಿ ಬೆಲ್ಟು ಕಳಚಿದರು. ಬೆಲ್ಟಿಲ್ಲದೆ ಇಂಜಿನ್ ಸ್ವಲ್ಪ ಹೊತ್ತು ಓಡಿಸಿದರೆ ಸದ್ದೇ ಇಲ್ಲ. ಮತ್ತೆ ನಿಲ್ಲಿಸಿ, ಬೆಲ್ಟು ಸುತ್ತುವ ಗಾಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿದರು. ಕಂಪ್ರೆಸರಿನ ಗಾಲಿ ಬೆಣ್ಣೆಯಂತೆ ತಿರುಗಿತು. ಅದರ ಪಕ್ಕದ ಸಣ್ಣ ಗಾಲಿಗೆ ಬಂದಾಗ ನನ್ನ ಕೈ ಹಿಡಿದು ಅದರ ಮೇಲಿಟ್ಟರು. "ತಿರುಗ್ಸು."

ತಿರುಗಿಸಿದೆ. ಒಳಗೆ ರಾಗಿಕಲ್ಲು ಬೀಸಿದಂತೆ ಬೆರಳಿಗೆ ತಿಳಿಯಿತು.

"ಗೊತ್ತಾಯ್ತಾ?"

"ಬೇರಿಂಗು" ಎಂದೆ.

"ಇದಕ್ಕೆ ಕಂಪ್ರೆಸರ್ ಯಾಕ್ ಸಾಯ್ಬೇಕು?"

ಇದು ಅವರ ರೀತಿ. ಕಾಯಿಲೆ ಏನೆಂದು ತಾವು ಹೇಳುತ್ತಿರಲಿಲ್ಲ. ಗಾಡಿಯವನಿಗೇ ಕೇಳಿಸಿ, ಅವನ ಕೈಗೇ ಮುಟ್ಟಿಸಿ, ಅವನ ಬಾಯಿಂದಲೇ ಹೇಳಿಸುತ್ತಿದ್ದರು. ಕೇಳಲೊಲ್ಲದವರ ಗಾಡಿಯನ್ನು ಬಿಚ್ಚುತ್ತಿರಲಿಲ್ಲ. "ಸದ್ದು ಸುಳ್ಳು ಯೋಳಕ್ಕಿಲ್ಲ ಸಾ, ನಾವ್ ಯೋಳ್ತೀವಿ. ಅದುಕ್ಕೆ ನಮ್ಮ ಮಾತ್ ನಂಬಬ್ಯಾಡಿ, ಅದ್ನ ಕೇಳಿ" ಎನ್ನುತ್ತಿದ್ದರು.

ಇದರಿಂದ ಅವರಿಗೆ ನಷ್ಟವೇ ಆಯಿತು ಅಂತ ನನಗೆ ಈಗ ಅನ್ನಿಸುತ್ತದೆ. ನಮ್ಮ ಜನ ದೊಡ್ಡ ರೋಗ ಹೇಳಿದವನನ್ನೇ ದೊಡ್ಡ ವೈದ್ಯ ಅನ್ನುವವರು. ಹೆಮ್ಮರಗಾಲದ ಒಬ್ಬರು ಹಳೆಯ ಕಾರು ಕೊಂಡು, ಏಸಿ ಹಾಕಿದರೆ ದಡದಡ ಎನ್ನುತ್ತದೆಂದು ತಂದರು. ಕಂಪ್ರೆಸರನ್ನು ಇಂಜಿನ್ನಿಗೆ ಬಿಗಿದ ಬೋಲ್ಟು ಸಡಿಲಾಗಿತ್ತು. ತಂದವರ ಕೈಗೇ ಪಾನಾ ಕೊಟ್ಟು ಬಿಗಿ ಮಾಡಿಸಿದರು. ಆತ ಖುಷಿಪಡುವುದು ಬಿಟ್ಟು ಸಪ್ಪಗಾದರು. "ಇಷ್ಟೇಯಾ?"

"ಬೇಕಾದ್ರೆ ಎಲ್ಡು ದಿನ ಇಲ್ಲೇ ಬುಟ್ಟೋಗಿ ಸಾ. ಊರಲ್ಲಿ ದೊಡ್ಡ ಕಾಯ್ಲೆ ಇತ್ತು ಅಂತ ಯೋಳ್ಕಳಿ."

ಹೆಡತಲೆಯ ಟೀಚರೊಬ್ಬರ ಕಾರಿನಲ್ಲಿ ಏಸಿ ಹಾಕಿದಾಗಲೆಲ್ಲ ಪಟಪಟ ಸದ್ದು. ಅದು ಗಾಳಿ ಊದುವ ಫ್ಯಾನಿನಲ್ಲಿ ಸಿಕ್ಕ ಬೇವಿನೆಲೆ. ಎಲೆಯನ್ನು ಟೀಚರ ಕೈಗಿಟ್ಟು, "ಮಕ್ಕಳಿಗೆ ಪಾಠಕ್ಕಾಯ್ತದೆ, ಇಟ್ಕಳಿ" ಎಂದರು. ಮುಂದೆ ಎಲ್ಲರೂ ಆ ಶೆಡ್ಡಿನ ದಾರಿ ಬಿಟ್ಟಾಗ ಬಿಡದೆ ರಿಪೇರಿಗೆ ಕಾರು ತಂದವರು ಆ ಟೀಚರೊಬ್ಬರೇ.

ಇಷ್ಟು ಗಾಡಿಗಳನ್ನು ತಂಪು ಮಾಡಿದ ಮನುಷ್ಯನಿಗೆ ಏಸಿ ಆಗುತ್ತಿರಲಿಲ್ಲ. ಒಮ್ಮೆ ಮಳೆಯಲ್ಲಿ ಮನೆಗೆ ಬಿಡಲು ನನ್ನ ಕಾರಿಗೆ ಹತ್ತಿಸಿಕೊಂಡೆ. ಹತ್ತು ಹೆಜ್ಜೆ ಹೋಗುವುದರೊಳಗೆ ಸೀನಿದರು. "ನಿಲ್ಸಪ್ಪ ಅದ, ನೆಗಡಿ ಆಯ್ತದೆ" ಎಂದು ಗಾಜು ಇಳಿಸಿ, ಮಳೆಯಲ್ಲಿ ಮುಖ ಒದ್ದೆ ಮಾಡಿಕೊಂಡು ಕುಳಿತರು. ನಗು ಬಂತು. ಅವರೂ ನಕ್ಕರು. ಅಷ್ಟು ಬಿಟ್ಟರೆ ನಮ್ಮಿಬ್ಬರಲ್ಲಿ ಹೆಚ್ಚು ಮಾತಿರಲಿಲ್ಲ. ಸುಮ್ಮನೆ ಕೂರುವುದು ಇಬ್ಬರಿಗೂ ಬರುತ್ತಿತ್ತು.

ಈಗ ಬಟ್ಟೆಯ ವಿಷಯ. ಬೇರೆ ಗ್ಯಾರೇಜುಗಳಲ್ಲಿ ಕೈ ಒರೆಸಲು, ಎಣ್ಣೆ ಒರೆಸಲು ಬಣ್ಣಬಣ್ಣದ ಚಿಂದಿ ಇಟ್ಟುಕೊಂಡಿರುತ್ತಾರೆ. ಇವರ ಶೆಡ್ಡಿನಲ್ಲಿ ಬಿಳಿ ಬಟ್ಟೆ. ಅವರದೇ ಹಳೆಯ ಪಂಚೆಗಳನ್ನು ಹೆಂಡತಿ ಒಗೆದು, ಕರವಸ್ತ್ರದಷ್ಟು ಅಗಲಕ್ಕೆ ಹರಿದು, ಮಡಚಿ ಕೊಡುತ್ತಿದ್ದರು. ಪಂಚೆಗಳೆಲ್ಲ ಒಂದೇ ಥರ, ಸಣ್ಣ ಹಸಿರು ಅಂಚಿನವು. ಕಂಪ್ರೆಸರಿನ ಪೈಪು ಬಿಚ್ಚಿದರೆ ಅದರ ಬಾಯಿಯನ್ನು ಆ ಬಿಳಿ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಎಣ್ಣೆ ತಿಳಿಯಾಗಿದ್ದರೆ ಕಂಪ್ರೆಸರ್ ಬದುಕಿದೆ. ಬೆಳ್ಳಿಪುಡಿಯಂತೆ ಹೊಳೆಯುವ ಚೂರುಗಳು ಕಂಡರೆ ಒಳಗಿನ ಲೋಹವೇ ಸವೆದು ಉದುರುತ್ತಿದೆ. ಹಾಗಿದ್ದರೆ ಕಂಪ್ರೆಸರ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ. ಆ ಪುಡಿ ಅಷ್ಟರಲ್ಲಿ ಪೈಪುಗಳಿಗೆಲ್ಲ ಹರಡಿರುತ್ತದೆ, ಗಾಡಿಯ ಮುಂಭಾಗದಲ್ಲಿ ಗ್ಯಾಸು ತಣಿಸುವ ಕಂಡೆನ್ಸರಿನ ಸಣ್ಣ ಸಣ್ಣ ದಾರಿಗಳಲ್ಲಿ ಕೂತಿರುತ್ತದೆ. ಹೊಸದನ್ನು ಹಾಕಿದರೆ ಅದನ್ನೂ ತಿನ್ನುತ್ತದೆ. ನೋಡಿದ ಮೇಲೆ ಆ ಬಟ್ಟೆಯನ್ನು ಗಾಡಿಯವನ ಕೈಗೆ ಕೊಡುತ್ತಿದ್ದರು. "ಇದು ನಿಮ್ ಗಾಡಿ ಜಾತ್ಕ, ಇಟ್ಕಳಿ."

ನಾಲ್ಕು ವರ್ಷದ ಹಿಂದೆ ಆ ಗುತ್ತಿಗೆದಾರರ ಸ್ವಂತ ದೊಡ್ಡ ಕಾರು ಈ ಶೆಡ್ಡಿಗೆ ಬಂತು. ಅವರ ಡ್ರೈವರ್ ರಜದಲ್ಲಿದ್ದ. ನನ್ನ ಕಾರು ಈಗಿನಂತೆ ಆಗಲೂ ಅವರ ಗುತ್ತಿಗೆಯಲ್ಲೇ ಕಾರ್ಖಾನೆಗೆ ಓಡುತ್ತಿತ್ತು. ಹಾಗಾಗಿ ಅಂದು ಅವರ ಕಾರು ಓಡಿಸಿದವನು ನಾನು. ಏಸಿ ಹಾಕಿದರೆ ಗರಗರ ಸದ್ದು, ತೆಗೆದರೆ ನಿಶ್ಶಬ್ದ. ನನಗೇ ಅರ್ಧ ಅರ್ಥವಾಗಿತ್ತು.

ಅವರು ಕೋಲು ಆನಿಸಿ ಕೇಳಿದರು. ಆಮೇಲೆ ಎಂದಿನಂತೆ ಅದನ್ನು ಗುತ್ತಿಗೆದಾರರತ್ತ ಚಾಚಿದರು.

"ಒಸಿ ಕೇಳಿ ಸಾ."

"ನಾನೇನ್ ಮಜ್ಜಿಗೆ ಕಡ್ಯಕ್ ಬಂದಿದ್ದೀನೇನಯ್ಯ? ನಿನ್ ಕೆಲ್ಸ ನೀನ್ ಮಾಡು."

ಗಾಡಿಯವರು ಒಲ್ಲದಿದ್ದರೆ ಓಡಿಸಿದವನಾದರೂ ಕೇಳಲಿ ಎಂಬಂತೆ ಅವರು ನನ್ನ ಕಡೆ ನೋಡಿದರು. ನಾನು ಕೋಲಿಗೆ ಕಿವಿಯಿಟ್ಟೆ. ತಗಡಿನ ಡಬ್ಬದಲ್ಲಿ ಜಲ್ಲಿ ಹಾಕಿ ಕುಲುಕಿದಂತೆ ಕೇಳಿಸಿತು. ಆಮೇಲೆ ಅವರು ಗ್ಯಾಸನ್ನು ತಮ್ಮ ಸಿಲಿಂಡರಿಗೆ ಎಳೆದುಕೊಂಡು, ಪೈಪು ಬಿಚ್ಚಿ, ಬಿಳಿ ಬಟ್ಟೆಯಿಂದ ಒರೆಸಿದರು. ಬಿಸಿಲಿಗೆ ಹಿಡಿದರು. ಕಪ್ಪು ಎಣ್ಣೆ, ಅದರ ತುಂಬ ಮಿಣಮಿಣ ಹೊಳಪು. ಪೈಪಿನ ಬಾಯಿ ತೆರೆದ ಮೊದಲ ಕ್ಷಣದಲ್ಲೇ ಒರೆಸಿದ್ದು ಅದು. ಬೇರೆ ಯಾವ ವಸ್ತುವೂ ಆ ಪೈಪಿನ ಹತ್ತಿರ ಹೋಗಿರಲಿಲ್ಲ. ಒಂದು ಮೊಳ ದೂರದಲ್ಲಿ ನಿಂತು ನಾನು ನೋಡುತ್ತಿದ್ದೆ.

"ಕಂಪ್ರೆಸರು, ಮುಂದಿನ ಕಂಡೆನ್ಸರು, ತೇವ ಈರೋ ಡಬ್ಬಿ ಎಲ್ಲ ಬದ್ಲಾಯ್ಸ್ಬೇಕು. ಪೈಪ್ ಎಲ್ಲ ತೊಳೀಬೇಕು. ಮೂರ್ ದಿನ ಕೊಡಿ."

"ನಾಳೆ ಬೀಗ್ರು ಬತ್ತಾವ್ರೆ. ಸಂಜೆ ಒತ್ಗೆ ತಣ್ಣಗಾಗ್ಬೇಕು. ಕಂಪ್ರೆಸರ್ ಒಂದ್ ಆಕು, ಸಾಕು."

"ಆಕಕ್ಕಿಲ್ಲ ಸಾ. ರಾಗಿ ಇಟ್ಗೆ ಮಣ್ ಬಿದ್ದದೆ. ತಟ್ಟೇಲಿರೋ ಮುದ್ದೆ ಬದ್ಲಾಯ್ಸುದ್ರೆ ಏನ್ ಬಂತು? ಇಟ್ಟೇ ಬದ್ಲಾಯ್ಸ್ಬೇಕು."

"ನಿನ್ ಮುದ್ದೆ ನೀನೇ ಉಣ್ಣು."

ಪೈಪು ಮತ್ತೆ ಜೋಡಿಸಿ, ಅವರು ಬಟ್ಟೆಯನ್ನು ಮಡಚಿ ಕೊಟ್ಟರು. ಗುತ್ತಿಗೆದಾರರು ಅದನ್ನು ನೆಲಕ್ಕೆ ಎಸೆದು ಕಾರು ಹತ್ತಿದರು. ನಾನು ಎತ್ತಿಕೊಂಡೆ. ಯಾಕೆಂದು ಗೊತ್ತಿಲ್ಲ. ಅವರ ಹೆಂಡತಿ ಒಗೆದು ಮಡಚಿಟ್ಟ ಬಟ್ಟೆ ಧೂಳಿನಲ್ಲಿ ಬಿದ್ದದ್ದು ನೋಡಲಾಗಲಿಲ್ಲ, ಅಷ್ಟೇ. ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಜೇಬಿನಲ್ಲಿಟ್ಟುಕೊಂಡೆ. ಸಂಜೆ ನನ್ನ ಕಾರಿನ ಡಿಕ್ಕಿಗೆ ಹಾಕಿದೆ.

ಬೇರೆ ಯಾರೋ ಅಂದೇ ಕಂಪ್ರೆಸರ್ ಮಾತ್ರ ಬದಲಿಸಿಕೊಟ್ಟರು. ಬೀಗರು ತಂಪಾಗಿ ಬಂದು ತಂಪಾಗಿ ಹೋದರು. ಮೂರು ವಾರಕ್ಕೆ ಹೊಸ ಕಂಪ್ರೆಸರ್ ಬಿಗಿದುಕೊಂಡು, ಬೆಲ್ಟು ಹರಿದು, ಕಾರು ನಡುರಸ್ತೆಯಲ್ಲಿ ನಿಂತಿತು. ಆಗ ಗುತ್ತಿಗೆದಾರರು ಹೇಳಿದ್ದು ಇದು: "ಆ ಕಡಗೋಲ್ನೋನು ಅವತ್ತು ಪೈಪ್ ಬಿಚ್ಚಿದ್ನಲ್ಲ, ಕೆಲ್ಸ ಕೊಡ್ನಿಲ್ಲ ಅಂತ ಒಟ್ಟೆಕಿಚ್ಗೆ ಕಬ್ಬಿಣದ ಪುಡಿ ಆಕ್ಬುಟ್ಟವನೆ."

ಆ ಮಾತು ನಂಜನಗೂಡಿನಿಂದ ನರಸೀಪುರಕ್ಕೆ ನನ್ನ ಕಾರಿಗಿಂತ ಬೇಗ ಬಂತು. ಹೇಳಿದವರು ಯಾರು? ಅವರ ಕೈಯಲ್ಲಿ ಗಾಡಿ ಸರಿಮಾಡಿಸಿಕೊಂಡವರೇ. ಬೋಲ್ಟು ಬಿಗಿ ಮಾಡಿಸಿಕೊಂಡು, ಚಹಾ ಕುಡಿದು, ಕೈ ಮುಗಿದು ಹೋದವರೇ. ಒಬ್ಬನಾದರೂ ಶೆಡ್ಡಿಗೆ ಹೋಗಿ "ಏನ್ ನಡೀತು" ಎಂದು ಕೇಳಲಿಲ್ಲ. ಇಂಜಿನ್ನಿನ ಸಣ್ಣ ಸದ್ದಿಗೆ ಬಾನೆಟ್ಟು ಎತ್ತುವ ಜನ, ಒಬ್ಬ ಮನುಷ್ಯನ ಮೇಲೆ ಇಷ್ಟು ದೊಡ್ಡ ಮಾತು ಬಂದಾಗ ಕಿವಿ ಕೊಟ್ಟದ್ದು ಮಾತಿಗೆ, ಮನುಷ್ಯನಿಗಲ್ಲ. ಕದ್ದನೆಂದರೂ ಒಬ್ಬ ಮೆಕ್ಯಾನಿಕ್ಕು ಬದುಕಬಹುದು. ಬೇಕೆಂದೇ ಗಾಡಿ ಕೆಡಿಸಿದನೆಂದರೆ ಮುಗಿಯಿತು. ಆರು ತಿಂಗಳಲ್ಲಿ ಶೆಡ್ಡಿನ ಮುಂದೆ ಹುಲ್ಲು ಬೆಳೆಯಿತು. ಅವರು ಅದೇ ಶೆಡ್ಡಿನಲ್ಲಿ ಸೈಕಲ್ಲು, ನೀರಿನ ಪಂಪು ಸರಿಮಾಡುತ್ತ ಕುಳಿತರು. ಕೋಲು ಮೂಲೆಯಲ್ಲಿ ಒರಗಿತ್ತು.

ಊರನ್ನು ಬೈದಷ್ಟೂ ನನ್ನ ಕೋಪ ತೀರುವುದಿಲ್ಲ. ಯಾಕೆಂದರೆ ಊರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನನ್ನ ಕಾರು ಗುತ್ತಿಗೆದಾರರ ಹೆಸರಿನ ಮೇಲೆ ಓಡುತ್ತಿತ್ತು. ಬಾಯಿ ಬಿಟ್ಟರೆ ಮರುದಿನ ನಿಲ್ಲುತ್ತಿತ್ತು. ಸ್ಟ್ಯಾಂಡಿನಲ್ಲಿ ಆ ಮಾತು ಬಂದಾಗಲೆಲ್ಲ ನಾನು ಗಾಜು ಒರೆಸುತ್ತಿದ್ದೆ. ಒರೆಸಿದ ಗಾಜನ್ನೇ ಒರೆಸುತ್ತಿದ್ದೆ.

ಅಷ್ಟಾದರೂ ಅವರನ್ನು ನೋಡಲು ಹೋಗುತ್ತಿದ್ದೆ. ಸ್ಟೂಲು ಎಳೆದು ಕೊಡುತ್ತಿದ್ದರು. "ಗಾಡಿ ಎಂಗದಪ್ಪ?" ಎನ್ನುತ್ತಿದ್ದರು. "ಚೆನ್ನಾಗದೆ" ಎನ್ನುತ್ತಿದ್ದೆ. ನೀನು ಅಲ್ಲಿದ್ದೆಯಲ್ಲ, ಒಂದು ಮಾತು ಹೇಳು ಎಂದು ಅವರು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಮರೆತಿದ್ದಾರೆ ಎಂದು ನಾನು ನನಗೇ ಹೇಳಿಕೊಂಡಿದ್ದೆ. ಒಂದು ಸದ್ದನ್ನು ಹತ್ತು ವರ್ಷ ನೆನಪಿಡುವ ಮನುಷ್ಯ ಅದನ್ನು ಮರೆತರೆಂದು ನಂಬುವುದು ನನಗೆ ಅನುಕೂಲವಾಗಿತ್ತು.

ಕಳೆದ ತಿಂಗಳು ಅವರು ಪಂಪು ಬಿಚ್ಚುತ್ತಿದ್ದಾಗಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು.

ತಿಥಿಯ ದಿನ ಆ ಕ್ಷಮೆಯ ಮಾತು ಕೇಳಿದಾಗಲೂ ನಾನು ಏನೂ ಹೇಳಲಿಲ್ಲ. ಎಲೆ ಮಡಚಿ ಎದ್ದೆ. ನಾಲ್ಕು ವರ್ಷದ ಅಭ್ಯಾಸ, ಬಾಯಿ ತಾನಾಗಿ ಮುಚ್ಚಿಕೊಂಡಿತು. ಕೈ ತೊಳೆದು ಕಾರಿನ ಹತ್ತಿರ ಹೋಗಿ ಡಿಕ್ಕಿ ತೆಗೆದೆ. ಸ್ಟೆಪ್ನಿ ಎತ್ತಿದೆ. ಕವರು ಅಲ್ಲೇ ಇತ್ತು. ನಾನು ಬಟ್ಟೆ ಹಿಡಿದು ಬರುವಷ್ಟರಲ್ಲಿ ಗುತ್ತಿಗೆದಾರರು ತಾಂಬೂಲ ತೆಗೆದುಕೊಂಡು, ಗಾಜು ಏರಿಸಿಕೊಂಡು ಹೊರಟಿದ್ದರು.

ಅವರ ಹೆಂಡತಿ ಹಿತ್ತಲ ಬಾಗಿಲಲ್ಲಿ ಕುಳಿತಿದ್ದರು. ಬಟ್ಟೆ ಬಿಡಿಸಿ ತೋರಿಸಿದೆ. ಎಣ್ಣೆ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಬಿಸಿಲು ಬಿದ್ದ ಕಡೆ ಚೂರುಗಳು ಇನ್ನೂ ಹೊಳೆಯುತ್ತಿದ್ದವು. ಅವರು ಅದನ್ನು ನೋಡಲಿಲ್ಲ. ಹಸಿರು ಅಂಚನ್ನು ಬೆರಳಿನಿಂದ ಸವರಿದರು.

"ನಾನೇ ಅರಿದಿದ್ದು."

"ಅಕ್ಕಾ, ಅವತ್ತು ನಾನ್ ಅಲ್ಲಿದ್ದೆ."

"ಗೊತ್ತು ಕಣಪ್ಪ."

ನಾನು ಹೊಸ್ತಿಲ ಕೆಳಗೆ ಕುಳಿತೆ.

"ಆ ಮಾತು ಎದ್ದಾಗ್ಲೇ ಯೋಳುದ್ರು, ನೀನು ನೋಡಿದ್ದೀಯೆ ಅಂತ. ನಾನ್ ಓಗಿ ಅವನ್ನ ಕರ್ಕಬತ್ತೀನಿ, ನಾಲ್ಕ್ ಜನದ ಮುಂದೆ ಯೋಳ್ಲಿ ಅಂದೆ. ಬ್ಯಾಡ ಅಂದ್ರು. ಅವನ ಗಾಡಿ ಓಡೋದು ಆ ವಯ್ಯನ ಕೈಯಿಂದ, ಅವನ ಒಟ್ಟೆ ಮ್ಯಾಲೆ ನಾವ್ ಒಡೀಬಾರ್ದು ಅಂದ್ರು."

ಬಟ್ಟೆಯನ್ನು ಮತ್ತೆ ಮಡಚಿ, ಚೌಕ ಸರಿಮಾಡಿ, ನನ್ನ ಕೈಗೇ ಕೊಟ್ಟರು. "ನೀನ್ ಬಂದೋದಾಗೆಲ್ಲ, ಇವತ್ತೂ ಏನೂ ಯೋಳ್ನಿಲ್ಲ ಅಂತಿದ್ರು. ಅಷ್ಟೇ. ಬ್ಯಾಸ್ರ ಏನೂ ಮಾಡ್ಕತಿರ್ನಿಲ್ಲ."

ಅವರು ಬೇಸರ ಮಾಡಿಕೊಂಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನರಸೀಪುರದವರೆಗೂ ಗಾಜು ಇಳಿಸಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಹತ್ತು ಹನ್ನೆರಡು ಕಾರು ನಿಂತಿದ್ದವು. ಅರ್ಧ ಗುತ್ತಿಗೆದಾರರ ಕಡೆಯವೇ. ಇಲ್ಲಿ ಆಡಿದ ಮಾತು ಮಧ್ಯಾಹ್ನದೊಳಗೆ ತಾಂಡವಪುರಕ್ಕೆ ಮುಟ್ಟುತ್ತದೆ. ನನ್ನ ಕಾರಿನ ಬಾನೆಟ್ಟಿನ ಮೇಲೆ ಆ ಬಟ್ಟೆ ಹಾಸಿದೆ. ದೊಡ್ಡಣ್ಣ ಬೀಡಿ ಹಚ್ಚುತ್ತಿದ್ದವರು ಹತ್ತಿರ ಬಂದರು. ಉಳಿದವರೂ ಬಂದರು.

"ಏನ್ಲಾ ಇದು? ಕರ್ಚೀಫ್ ಮಾರ್ತಿದ್ದೀಯಾ?" ಎಂದು ಯಾರೋ ನಕ್ಕರು.

ನಾನು ಹೇಳಿದೆ. ಜೀವಮಾನದಲ್ಲಿ ಅಷ್ಟು ಉದ್ದ ನಾನು ಮಾತಾಡಿಲ್ಲ. ಯಾವ ಕಾರು, ಯಾರು ಓಡಿಸಿದ್ದು, ಏಸಿ ಹಾಕಿದಾಗ ಏನು ಸದ್ದು, ತೆಗೆದಾಗ ಏನಾಯಿತು, ಪೈಪು ಬಿಚ್ಚಿದ ಕೂಡಲೇ ಬಟ್ಟೆಗೆ ಏನು ಹತ್ತಿತು, ಅವರು ಏನು ಹೇಳಿದರು, ಗುತ್ತಿಗೆದಾರರು ಏನು ಎಸೆದರು. ದೊಡ್ಡಣ್ಣ ಬಗ್ಗಿ, ಕನ್ನಡಕ ಮೇಲೆತ್ತಿ, ಆ ಚೂರುಗಳನ್ನು ನೋಡಿದರು. ಉಗುರಿನಿಂದ ಒಂದನ್ನು ಕೆರೆದು ಬೆರಳ ತುದಿಯಲ್ಲಿ ತಿಕ್ಕಿದರು. ಅವರಿಗೆ ಅರ್ಥವಾಯಿತು. ನಲವತ್ತು ವರ್ಷ ಗಾಡಿ ಓಡಿಸಿದವರು.

ಬೀಡಿ ಆರಿಹೋಗಿತ್ತು. ಅದನ್ನು ಎಸೆದು ನನ್ನ ಮುಖ ನೋಡಿದರು.

"ಇದು ಇಷ್ಟ್ ವರ್ಷ ಎಲ್ಲಿತ್ಲಾ?"

"ನನ್ ಡಿಕ್ಕೀಲಿ," ಎಂದೆ. "ಸ್ಟೆಪ್ನಿ ಕೆಳಗೆ."